ಒಂದೇ ಹಗಲು, ನಾಲ್ಕು ಋತು: ಇಂಗ್ಲೆಂಡಿನ ಕಡಲ ದಾರಿಯಲ್ಲಿ

ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ ಎಂದಿಟ್ಟುಕೊಳ್ಳಿ. ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಎಂಬ ಪುಟ್ಟ ಊರು. ರಾತ್ರಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಅಬ್ಬರದ ಮಳೆಯಲ್ಲ, ಮಲೆನಾಡಿನವರು ಜಿಟಿಜಿಟಿ ಎನ್ನುತ್ತಾರಲ್ಲ, ಅಂಥದು. ಸಮುದ್ರ, ಆಕಾಶ, ಬಂಡೆ ಎಲ್ಲಕ್ಕೂ ಒಂದೇ ಬೂದು ಬಣ್ಣ. ಕಾರು ಹತ್ತಿ ಪೂರ್ವಕ್ಕೆ ಹೊರಡಬೇಕಾದ ಪ್ರವಾಸಿಗಳು ಹೋಟೆಲಿನ ಕಿಟಕಿಯ ಬಳಿ ಮುಖ ಸಣ್ಣದು ಮಾಡಿಕೊಂಡು ನಿಂತಿರುತ್ತಾರೆ. ಅದೇ ಹೊತ್ತಿಗೆ ಕೆಳಗಿನ ತೀರದಲ್ಲಿ ರೇನ್‌ಕೋಟು, ರಬ್ಬರ್ ಬೂಟು ತೊಟ್ಟ ನಾಲ್ಕಾರು ಮಂದಿ ಸುತ್ತಿಗೆ ಹಿಡಿದು, ತಲೆ ತಗ್ಗಿಸಿ, ಕಲ್ಲುಗಳ ನಡುವೆ ಏನನ್ನೋ ಹುಡುಕುತ್ತ ಹೊರಟಿರುತ್ತಾರೆ. ಅವರ ಮುಖದಲ್ಲಿ ಮಾತ್ರ ಗೆಲುವು. ಮಳೆ ಬಿದ್ದಷ್ಟೂ, ಅಲೆ ಬಡಿದಷ್ಟೂ ಅವರಿಗೆ ಲಾಭ!

ಈ ವಿಚಿತ್ರ ಅರ್ಥವಾಗಬೇಕಾದರೆ ಭೂಪಟವನ್ನು ಒಮ್ಮೆ ತೆರೆದು ನೋಡಬೇಕು. ಲೈಮ್ ರೀಜಿಸ್‌ನಿಂದ ಪೂರ್ವಕ್ಕೆ ವೆಸ್ಟ್ ಬೇ, ಆಬಟ್ಸ್‌ಬರಿ, ವೇಮತ್, ಅಲ್ಲಿಂದ ದಕ್ಷಿಣಕ್ಕೆ ಚಾಚಿದ ಪೋರ್ಟ್‌ಲ್ಯಾಂಡ್ ಎಂಬ ಕಲ್ಲಿನ ನಡುಗಡ್ಡೆ, ಮತ್ತೆ ಪೂರ್ವಕ್ಕೆ ಲಲ್‌ವರ್ತ್ ಹಾಗೂ ಡರ್ಡಲ್ ಡೋರ್. ಎಲ್ಲ ಸೇರಿ ಸುಮಾರು 100 ಕಿಲೋಮೀಟರ್. ಅಲ್ಲಿನ ರಸ್ತೆ ಫಲಕಗಳು ಇಂದಿಗೂ ಮೈಲಿಯ ಲೆಕ್ಕವನ್ನೇ ಹೇಳುವುದರಿಂದ 62 ಮೈಲಿ ಎನ್ನಬೇಕು. ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಎಲ್ಲೂ ನಿಲ್ಲದಿದ್ದರೆ ಎರಡೂವರೆ ಗಂಟೆಯ ದಾರಿ. ಆದರೆ ನಿಲ್ಲದೆ ಹೋಗುವವರಿಗೆ ಇಲ್ಲಿ ನೋಡುವುದೇನೂ ಸಿಗುವುದಿಲ್ಲ.

ಈ ಕರಾವಳಿಯ ಬಂಡೆಗಳ ಪದರಗಳು ಒಟ್ಟಾರೆಯಾಗಿ ಪೂರ್ವಕ್ಕೆ ಓರೆಯಾಗಿ ವಾಲಿಕೊಂಡಿವೆ. ಕಪಾಟಿನಲ್ಲಿ ನೇರವಾಗಿಟ್ಟ ಪುಸ್ತಕಗಳು ಒಂದರ ಮೇಲೊಂದು ಒರಗಿಕೊಳ್ಳುವುದಿಲ್ಲವೇ, ಹಾಗೆ. ಹೀಗಾಗಿ ಪಶ್ಚಿಮದಲ್ಲಿ ಹಳೆಯ ಬಂಡೆ, ಪೂರ್ವಕ್ಕೆ ಹೋದಂತೆ ಹೊಸ ಬಂಡೆ. ಲೈಮ್ ರೀಜಿಸ್‌ನ ಕಲ್ಲಿಗೆ ಸುಮಾರು 20 ಕೋಟಿ ವರ್ಷ ವಯಸ್ಸು. ಲಲ್‌ವರ್ತ್‌ನಲ್ಲಿ ಸಿಗುವ ಸುಣ್ಣಕಲ್ಲಿಗೆ ಸುಮಾರು 14 ಕೋಟಿ. ಅದರ ಹಿಂದಿನ ಬಿಳಿ ಸೀಮೆಸುಣ್ಣದ ಗುಡ್ಡಕ್ಕೆ ಇನ್ನೂ ಕಡಿಮೆ. ಪೂರ್ವಕ್ಕೆ ಸಾಗುವ ಕಾರು ಪ್ರತಿ ಮೈಲಿಗೂ ಲಕ್ಷಾಂತರ ವರ್ಷ ಮುಂದೆ ಓಡುತ್ತಿರುತ್ತದೆ. 155 ಕಿಲೋಮೀಟರ್ ಉದ್ದದ ಈ ತೀರವನ್ನು 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಪ್ರೀತಿಯಿಂದ ಇದನ್ನು 'ಜುರಾಸಿಕ್ ಕೋಸ್ಟ್' ಎನ್ನುತ್ತಾರೆ.

ಮಳೆಯಲ್ಲಿ ಸುತ್ತಿಗೆ ಹಿಡಿದವರು

ಲೈಮ್ ರೀಜಿಸ್‌ನ ಬಂಡೆ ಗೋಡೆಯಲ್ಲಿ ಸುಣ್ಣಕಲ್ಲಿನ ಒಂದು ಪದರ, ಜೇಡಿಯ ಒಂದು ಪದರ, ಮತ್ತೆ ಸುಣ್ಣಕಲ್ಲು, ಮತ್ತೆ ಜೇಡಿ, ಹೀಗೆ ಸಾಲುಸಾಲು. ಮಳೆ ನೀರು ಇಂಗಿದಾಗ ಜೇಡಿ ಜಾರುತ್ತದೆ. ಕೆಳಗಿನಿಂದ ಅಲೆ ಬುಡವನ್ನು ಕೊರೆಯುತ್ತದೆ. ಎರಡೂ ಸೇರಿ ಒಂದು ರಾತ್ರಿ ಗುಡ್ಡದ ಒಂದು ಭಾಗ ಕುಸಿದು ತೀರಕ್ಕೆ ಬೀಳುತ್ತದೆ. ಆ ಕೆಸರಿನ ರಾಶಿಯಲ್ಲಿ 20 ಕೋಟಿ ವರ್ಷಗಳಿಂದ ಮುಚ್ಚಿಕೊಂಡಿದ್ದ ಪಳೆಯುಳಿಕೆಗಳು ಹೊರಬರುತ್ತವೆ. ಹೆಕ್ಕಿಕೊಳ್ಳಲು ತಡಮಾಡಿದರೆ ಅದೇ ಅಲೆ ಅವನ್ನು ಪುಡಿಮಾಡಿಬಿಡುತ್ತದೆ. ಅದಕ್ಕೇ ಕೆಟ್ಟ ಹವೆ ಇಲ್ಲಿ ಒಳ್ಳೆಯ ಹವೆ.

ಹೆಚ್ಚಾಗಿ ಸಿಗುವುದು ಅಮೊನೈಟ್ ಎಂಬ, ಸುರುಳಿ ಸುತ್ತಿದ ಚಿಪ್ಪಿನ ಜೀವಿ. ಇದು ನಮಗೆ ಅಪರಿಚಿತವೇನಲ್ಲ. ಕನ್ನಡನಾಡಿನ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ, ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮದೊಳಗಿನ ಚಕ್ರವೂ ಅಮೊನೈಟಿನದೇ. ಒಂದು ಕಾಲದ ಕಡಲ ತಳ ಹಿಮಾಲಯದ ತೊಡೆಯೇರಿ ಕುಳಿತಿದೆ. ಇನ್ನೊಂದು ಕಡಲ ತಳ ಲೈಮ್ ರೀಜಿಸ್‌ನಲ್ಲಿ ಮಳೆಗೆ ಕರಗುತ್ತಿದೆ. ನಮ್ಮಲ್ಲಿ ಊರ ಹೊರಗಿನ ಬಂಡೆಗಳಲ್ಲಿ ಇಂಥದೇಕೆ ಸಿಗುವುದಿಲ್ಲ ಎಂದು ಮಕ್ಕಳು ಕೇಳಿದರೆ ಪಾಲಕರು ಹೀಗೆ ಹೇಳಬಹುದು: ಕರ್ನಾಟಕದ ಬಹುಭಾಗದ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಆಗ ಚಿಪ್ಪು, ಮೂಳೆ ಇರುವ ಪ್ರಾಣಿಗಳೇ ಭೂಮಿಯ ಮೇಲಿರಲಿಲ್ಲ.

ಈ ತೀರದ ಹೆಸರು ಜಗತ್ತಿಗೆ ಗೊತ್ತಾದದ್ದು ಮೇರಿ ಆನಿಂಗ್ ಎಂಬ ಬಡ ಹುಡುಗಿಯಿಂದ. ಆಕೆ ಹುಟ್ಟಿದ್ದು 1799ರಲ್ಲಿ. ಆಕೆಯ ಬದುಕು ಮೊದಲಿನಿಂದಲೂ ಹವೆಯೊಡನೆ ಹೆಣೆದುಕೊಂಡಿತ್ತು ಎನ್ನಬೇಕು. 1800ರ ಆಗಸ್ಟ್‌ನಲ್ಲಿ, ಒಂದು ವರ್ಷದ ಕೂಸಾಗಿದ್ದಾಗ, ಗುಡುಗು ಮಳೆಗೆ ಹೆದರಿ ಮರದ ಕೆಳಗೆ ನಿಂತ ಹೆಂಗಸರ ತೋಳಿನಲ್ಲಿ ಆಕೆ ಇದ್ದಳು. ಸಿಡಿಲು ಬಡಿದು ಮೂವರು ಹೆಂಗಸರು ಸತ್ತರು, ಕೂಸು ಬದುಕಿತು. ತಂದೆ ಬಡಗಿ. ಬಿಡುವಿನಲ್ಲಿ ತೀರದ 'ವಿಚಿತ್ರ ಕಲ್ಲು'ಗಳನ್ನು ಆಯ್ದು ಪ್ರವಾಸಿಗಳಿಗೆ ಮಾರುತ್ತಿದ್ದ. 1810ರಲ್ಲಿ ಆತ ಸಾಲ ಉಳಿಸಿ ತೀರಿಕೊಂಡಾಗ ಕಲ್ಲು ಆಯುವುದೇ ಮನೆಯ ಆಸರೆಯಾಯಿತು.

1811ರಲ್ಲಿ ಅಣ್ಣ ಜೋಸೆಫನಿಗೆ ಒಂದು ವಿಚಿತ್ರ ತಲೆಬುರುಡೆ ಕಂಡಿತು. ಮರುವರ್ಷ ಮೇರಿ ಅದರ ಉಳಿದ ಅಸ್ಥಿಪಂಜರವನ್ನು ಪತ್ತೆಮಾಡಿದಳು. ಆಗ ಆಕೆಗೆ ಹದಿಮೂರು ತುಂಬಿತ್ತೋ ಇಲ್ಲವೋ. ಮೊಸಳೆ ಎಂದು ಜನ ಭಾವಿಸಿದ್ದ ಅದು ಇಕ್ತಿಯೊಸಾರ್ ಎಂಬ, ಮೀನಿನಾಕಾರದ ಕಡಲ ಸರೀಸೃಪ. ಮಾರಿದಾಗ ಬಂದದ್ದು 23 ಪೌಂಡು. 1823ರಲ್ಲಿ ಉದ್ದ ಕೊರಳಿನ ಪ್ಲೀಸಿಯೊಸಾರ್, 1828ರಲ್ಲಿ ಹಾರುವ ಸರೀಸೃಪ ಆಕೆಗೆ ಸಿಕ್ಕವು. ಪ್ಲೀಸಿಯೊಸಾರ್‌ನ ಕೊರಳು ಎಷ್ಟು ಉದ್ದವಿತ್ತೆಂದರೆ ಫ್ರಾನ್ಸಿನ ಮಹಾವಿಜ್ಞಾನಿ ಕುವಿಯೆ ಮೊದಮೊದಲು ಅದು ನಿಜವಾದದ್ದೇ ಎಂದು ಸಂಶಯಪಟ್ಟ. ಆಮೇಲೆ ತಪ್ಪು ಒಪ್ಪಿಕೊಂಡ. ಆದರೆ ಆ ಪ್ರಾಣಿಯ ಬಗ್ಗೆ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಓದಿದ ಪ್ರಬಂಧದಲ್ಲಿ ಅದನ್ನು ಕೆಸರಿನಿಂದ ಬಿಡಿಸಿ ತೆಗೆದವಳ ಹೆಸರೇ ಇರಲಿಲ್ಲ! ಆ ಸಂಘಕ್ಕೆ ಹೆಂಗಸರನ್ನು ಸದಸ್ಯರಾಗಿ ಆರಿಸಿದ್ದು 1919ರಲ್ಲಿ. ಮೇರಿ ತೀರಿಕೊಂಡದ್ದು 1847ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ.

ಈ ಕೆಲಸದಲ್ಲಿ ಪ್ರಾಣಭಯವೂ ಇತ್ತು. ಮೇರಿಯ ಜೊತೆ ಸದಾ ಟ್ರೇ ಎಂಬ ನಾಯಿ ಇರುತ್ತಿತ್ತು. 1833ರಲ್ಲಿ ಬಂಡೆ ಕುಸಿದು ಆಕೆಯ ಕಣ್ಣೆದುರಿಗೇ ಅದು ಸತ್ತಿತು. ಕುಸಿದ ರಾಶಿ ಆಕೆಯಿಂದ ಕೂದಲೆಳೆಯಷ್ಟು ದೂರದಲ್ಲಿ ಬಿದ್ದಿತ್ತು. ಲೈಮ್ ರೀಜಿಸ್‌ನಲ್ಲಿ ಮೇರಿಗೆ ಒಂದು ಪ್ರತಿಮೆ ನಿಂತದ್ದು 2022ರ ಮೇ ತಿಂಗಳಲ್ಲಿ, ಅದೂ ಒಬ್ಬ ಶಾಲಾ ಬಾಲಕಿ ಆರಂಭಿಸಿದ ಚಳವಳಿಯಿಂದ. ಕೈಯಲ್ಲಿ ಸುತ್ತಿಗೆ, ಕಾಲಬಳಿ ಟ್ರೇ. 

ಭಾರತಕ್ಕೂ ಈ ಕಥೆಯ ಒಂದು ಎಳೆ ಬಂದಿದೆ. ಗುಜರಾತಿನ ಕಚ್ಛ್‌ನಲ್ಲಿ ದೊರೆತ, ಐದೂವರೆ ಮೀಟರ್ ಉದ್ದದ, ಬಹುಮಟ್ಟಿಗೆ ಪೂರ್ಣವಾದ ಇಕ್ತಿಯೊಸಾರ್ ಒಂದನ್ನು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಭಾರತದ ಜುರಾಸಿಕ್ ಕಾಲದ ಬಂಡೆಯಲ್ಲಿ ಸಿಕ್ಕ ಮೊದಲ ಇಕ್ತಿಯೊಸಾರ್ ಅದು.

ಗಾಜಿನ ಮೇಲೆ ಬರೆದ ಭೂಗೋಳ

ಕಾರು ಈಗ ಚಾರ್ಮತ್ ದಾಟಿ ಏರು ಹತ್ತುತ್ತದೆ. ಬಲಗಡೆ, ಸಮುದ್ರದ ಮಗ್ಗುಲಲ್ಲಿ, 'ಗೋಲ್ಡನ್ ಕ್ಯಾಪ್' ಎಂಬ 191 ಮೀಟರ್ ಎತ್ತರದ ಗುಡ್ಡ ಇರಬೇಕು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಇದಕ್ಕಿಂತ ಎತ್ತರವಾದದ್ದು ಇಲ್ಲ. ಬಿಸಿಲಿಗೆ ಅದರ ನೆತ್ತಿಯ ಮರಳುಗಲ್ಲು ಹೊನ್ನಿನಂತೆ ಹೊಳೆಯುತ್ತದಂತೆ. ಈಗ ಮೋಡದೊಳಗೆ ಅಡಗಿದೆ. ಕಾರಿನ ಎರಡು ವೈಪರ್‌ಗಳು ಬಿಡುವಿಲ್ಲದೆ ಆಡುತ್ತಿವೆ.

ಈ ಮಳೆ ಎಲ್ಲಿಂದ ಬಂತು? ನಮ್ಮ ಮಳೆಯ ಲೆಕ್ಕ ಬೇರೆ. ಮುಂಗಾರು ಎಂದರೆ ತಿಂಗಳುಗಟ್ಟಲೆ ಒಂದೇ ದಿಕ್ಕಿನ ಗಾಳಿ. ಮಳೆ ನಕ್ಷತ್ರಗಳ ಹೆಸರಿಟ್ಟು ಕರೆಯುವಷ್ಟು ಕ್ರಮಬದ್ಧ. ಇಂಗ್ಲೆಂಡಿನ ಈ ತೀರ ಇರುವುದು ಉತ್ತರ ಅಕ್ಷಾಂಶ 50 ಡಿಗ್ರಿಯ ಆಚೆ. ಉತ್ತರ ಧ್ರುವದ ಕಡೆಯಿಂದ ಇಳಿಯುವ ತಣ್ಣನೆಯ ಗಾಳಿ, ದಕ್ಷಿಣದಿಂದ ಏರುವ ಬೆಚ್ಚನೆಯ ತೇವದ ಗಾಳಿ, ಎರಡೂ ಅಟ್ಲಾಂಟಿಕ್ ಸಾಗರದ ಮೇಲೆ ಎದುರಾಗುತ್ತವೆ. ಎಣ್ಣೆ, ನೀರಿನಂತೆ ಅವು ಬೇಗ ಬೆರೆಯುವುದಿಲ್ಲ. ಅವುಗಳ ಗಡಿಯಲ್ಲಿ ಒಂದು ಸುಳಿ ಹುಟ್ಟುತ್ತದೆ. ಅದೇ ವಾಯುಭಾರ ಕುಸಿತ. ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುವ ಜೆಟ್ ಗಾಳಿ ಈ ಸುಳಿಯನ್ನು ಎಳೆದು ತಂದು ಬ್ರಿಟನ್ನಿನ ಮೇಲೆ ಬಿಡುತ್ತದೆ. ಒಂದು ಹೋಗುವಷ್ಟರಲ್ಲಿ ಇನ್ನೊಂದು.

ಈ ಸುಳಿಗೆ ಎರಡು ಅಂಚುಗಳಿವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಾರ್ವೆಯ ಬೆರ್ಗೆನ್‌ನಲ್ಲಿ ಇದನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು, ಎರಡು ಸೇನೆಗಳು ಎದುರುಬದುರಾಗುವ ರಣರೇಖೆಯ ನೆನಪಿನಲ್ಲಿ, ಅದಕ್ಕೆ 'ಫ್ರಂಟ್' ಎಂದೇ ಹೆಸರಿಟ್ಟರು. ಮುಂದೆ ಬರುವುದು ಉಷ್ಣ ಫ್ರಂಟ್. ಬೆಚ್ಚನೆಯ ಗಾಳಿ ತಣ್ಣನೆಯ ಗಾಳಿಯ ಬೆನ್ನೇರಿ ನಿಧಾನವಾಗಿ ಮೇಲೆ ಜಾರುವುದರಿಂದ ಗಂಟೆಗಟ್ಟಲೆ ಸುರಿಯುವ ಹದ ಮಳೆ. ಲೈಮ್ ರೀಜಿಸ್‌ನಲ್ಲಿ ಬೆಳಿಗ್ಗೆ ಕಂಡದ್ದು ಅದೇ. ಅದು ದಾಟಿದ ಮೇಲೆ ಬೆಚ್ಚನೆಯ ಗಾಳಿಯ ತುಣುಕು ಬರುತ್ತದೆ. ಮಳೆ ನಿಂತು ತುಂತುರು, ಮಂಜು. ಹಿಂದೆಯೇ ಶೀತಲ ಫ್ರಂಟ್: ಭಾರವಾದ ತಣ್ಣನೆಯ ಗಾಳಿ ಬೆಣೆಯಂತೆ ನುಗ್ಗಿ ಬೆಚ್ಚನೆಯದನ್ನು ಎತ್ತಿ ಒಗೆಯುತ್ತದೆ. ಅರ್ಧ ಗಂಟೆ ಹೊಡೆತದ ಮಳೆ, ಆಮೇಲೆ ತೊಳೆದಿಟ್ಟಂಥ ಆಕಾಶ. ಪಠ್ಯಪುಸ್ತಕದಲ್ಲಿ ಈ ಚಿತ್ರ ಬಾಣದ ಗುರುತುಗಳ ಗೋಜಲಾಗಿ ಕಾಣುತ್ತದೆ. ವಿದ್ಯಾರ್ಥಿಗಳು ಐದು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಈ ರಸ್ತೆಯಲ್ಲಿ ಅದು ಕಾರಿನ ಗಾಜಿನ ಮೇಲೆಯೇ ನಡೆಯುತ್ತದೆ.

ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ವೆಸ್ಟ್ ಬೇ. ಮಳೆ ಸಣ್ಣದಾಗಿದೆ. ಇಲ್ಲಿ ಮರಳುಗಲ್ಲಿನ ಹಳದಿ ಗೋಡೆ ನೆಟ್ಟಗೆ ನಿಂತಿದೆ, ಚಾಕುವಿನಿಂದ ಕೊಯ್ದ ಮೈಸೂರು ಪಾಕಿನಂತೆ. ನೋಡಿದವರಿಗೆ ಅದರ ಬುಡದಲ್ಲಿ ಕುಳಿತು ಬುತ್ತಿ ಬಿಚ್ಚೋಣ ಅನ್ನಿಸುತ್ತದೆ. ಅದೇ ಅಪಾಯ. 2012ರ ಜುಲೈನಲ್ಲಿ, ದೀರ್ಘ ಮಳೆಯ ನಂತರ ಬಿಸಿಲು ಬಿದ್ದ ಒಂದು ದಿನ, ಇಲ್ಲಿಂದ ಸ್ವಲ್ಪ ಪೂರ್ವಕ್ಕಿರುವ ಬರ್ಟನ್ ಬ್ರಾಡ್‌ಸ್ಟಾಕ್ ತೀರದಲ್ಲಿ ಬಂಡೆ ಕುಸಿದು ಒಬ್ಬ ಯುವತಿ ಸತ್ತಳು. ಮಳೆ ನಿಂತಿತೆಂದು ಬಂಡೆಯೊಳಗಿನ ನೀರು ನಿಲ್ಲುವುದಿಲ್ಲ. ಬುಡದಿಂದ ದೂರವಿರಿ ಎಂಬ ಫಲಕಗಳು ಇಲ್ಲಿ ಎಲ್ಲೆಲ್ಲೂ ಇವೆ. ಅದರ ಕೆಳಗೇ ಚಾಪೆ ಹಾಸಿ ಕೂತವರೂ ಇರುತ್ತಾರೆ. ಆ ಸ್ವಭಾವಕ್ಕೆ ದೇಶಭೇದವಿಲ್ಲ.

ಬಟಾಣಿಯಿಂದ ಆಲೂಗಡ್ಡೆಯವರೆಗೆ

ವೆಸ್ಟ್ ಬೇ ಬಿಟ್ಟ ಮೇಲೆ ಕಡಲ ಮಗ್ಗುಲಿನ ಕಿರಿದಾದ ರಸ್ತೆ. ಎರಡೂ ಬದಿ ಹುಲ್ಲುಗಾವಲು, ಕುರಿ, ಕಲ್ಲಿನ ತಡೆಗೋಡೆ. ಆಬಟ್ಸ್‌ಬರಿ ಊರಿನ ಮೇಲಿನ ಗುಡ್ಡಕ್ಕೆ ಏರುವಾಗ ಕಾರು ಮೋಡದೊಳಗೇ ಹೊಕ್ಕುತ್ತದೆ. ಹತ್ತು ಮಾರು ಮುಂದಿನದು ಕಾಣದು. ದೀಪ ಹಾಕಿ, ಇರುವೆಯ ನಡಿಗೆ. ಹೊರಗಿನ ಉಷ್ಣತೆ ಮಾತ್ರ ಬೆಳಗಿಗಿಂತ ಮೂರ್ನಾಲ್ಕು ಡಿಗ್ರಿ ಏರಿದೆ. ಬೆಚ್ಚನೆಯ ಗಾಳಿಯ ತುಣುಕಿನೊಳಗೆ ಬಂದಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ. ತೇವ ತುಂಬಿದ ಗಾಳಿ ಗುಡ್ಡವನ್ನೇರುವಾಗ ಹಿಗ್ಗಿ, ತಣಿದು, ಅದರೊಳಗಿನ ಆವಿ ಹನಿಗಟ್ಟಿ ಮಂಜಾಗುತ್ತದೆ. ಆಗುಂಬೆಯ ಘಾಟಿಯಲ್ಲಿ ಜೂನ್‌ನಲ್ಲಿ ನಡೆಯುವುದೂ ಇದೇ ಭೌತಶಾಸ್ತ್ರ.

ಗುಡ್ಡದ ಇಳಿಜಾರಿನಲ್ಲಿ ಒಮ್ಮೆಲೇ ತೆರೆ ಸರಿದಂತಾಗಿ ಕೆಳಗೆ ಚೆಸಿಲ್ ಬೀಚ್ ಕಾಣುತ್ತದೆ. ವೆಸ್ಟ್ ಬೇಯಿಂದ ಪೋರ್ಟ್‌ಲ್ಯಾಂಡ್‌ವರೆಗೆ, 29 ಕಿಲೋಮೀಟರ್ ಉದ್ದಕ್ಕೆ, ಬರಿಯ ಉರುಟು ಕಲ್ಲುಗಳ ಒಂದು ಏರಿ. ಬಹುಪಾಲು ಚಕಮಕಿ ಜಾತಿಯ ಕಲ್ಲು. ಅದರ ಪೂರ್ವಾರ್ಧದ ಒಳಗಡೆ 'ಫ್ಲೀಟ್' ಎಂಬ 13 ಕಿಲೋಮೀಟರ್ ಉದ್ದದ ಹಿನ್ನೀರು. ಆ ಹಿನ್ನೀರಿನ ತುದಿಯಲ್ಲಿ ಹಂಸಗಳ ಬೀಡಿದೆ. ಹನ್ನೊಂದನೆಯ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಊಟದ ಮೇಜಿಗಾಗಿ ಸಾಕತೊಡಗಿದ ಹಂಸಗಳ ಸಂತತಿ ಈಗ ನಿಶ್ಚಿಂತೆಯಿಂದ ಗೂಡು ಕಟ್ಟುತ್ತದೆ. ಏಪ್ರಿಲ್ ಕೊನೆಗೆ ಮೊಟ್ಟೆಗಳ ಮೇಲೆ ಕೂತಿರುತ್ತದೆ.

ಚೆಸಿಲ್ ಬೀಚಿನ ಸೋಜಿಗ ಅದರ ಕಲ್ಲುಗಳ ಗಾತ್ರ. ಪಶ್ಚಿಮದ ತುದಿಯಲ್ಲಿ ಬಟಾಣಿ ಕಾಳಿನಷ್ಟು. ಅಲ್ಲಿಂದ ಪೂರ್ವಕ್ಕೆ ಹೋದಂತೆ ಕಡಲೆ, ನೆಲ್ಲಿಕಾಯಿ, ನಿಂಬೆ. ಪೋರ್ಟ್‌ಲ್ಯಾಂಡ್ ತುದಿಯಲ್ಲಿ ದಪ್ಪ ಆಲೂಗಡ್ಡೆ. ಯಾರೋ ಜರಡಿ ಹಿಡಿದು ಬೇರ್ಪಡಿಸಿದಂತೆ. ಹಿಂದಿನ ಕಾಲದಲ್ಲಿ ಕತ್ತಲೆಯಲ್ಲಿ ದೋಣಿ ದಡಕ್ಕೆ ಹಚ್ಚಿದ ಬೆಸ್ತರು ಒಂದು ಹಿಡಿ ಕಲ್ಲು ತೆಗೆದು, ಬೆರಳಲ್ಲಿ ಆಡಿಸಿ, ತಾವು ಎಲ್ಲಿದ್ದೇವೆ ಎಂದು ಹೇಳುತ್ತಿದ್ದರಂತೆ. ಕಾರಣ ಹವೆಯಲ್ಲೇ ಇದೆ ಎಂಬುದು ರೂಢಿಯ ವಿವರಣೆ. ನೈರುತ್ಯದಿಂದ ಬರುವ ಅಟ್ಲಾಂಟಿಕ್‌ನ ದೊಡ್ಡ ಅಲೆಗಳು ಸಣ್ಣ ಕಲ್ಲು, ದೊಡ್ಡ ಕಲ್ಲು ಎರಡನ್ನೂ ಪೂರ್ವಕ್ಕೆ ತಳ್ಳುತ್ತವೆ. ಆಗೀಗ ಆಗ್ನೇಯದಿಂದ ಬೀಸುವ ಗಾಳಿಯ ಚಿಕ್ಕ ಅಲೆಗಳಿಗೆ ಸಣ್ಣವನ್ನು ಮಾತ್ರ ಪಶ್ಚಿಮಕ್ಕೆ ಮರಳಿ ಒಯ್ಯುವ ಶಕ್ತಿ. ಸಾವಿರಾರು ವರ್ಷ ಹೀಗೆ ನಡೆದರೆ ಜರಡಿ ತಾನಾಗಿ ಆಗುತ್ತದೆ. ಅಲೆ ಹಿಂದಕ್ಕೆ ಸರಿಯುವಾಗ ಕಲ್ಲುಗಳೆಲ್ಲ ಒಟ್ಟಿಗೆ ಉರುಳುವ ಸದ್ದು, ದೊಡ್ಡ ಕಡಾಯಿಯಲ್ಲಿ ಕಡಲೆ ಹುರಿದಂತೆ, ದೂರದ ರಸ್ತೆಗೂ ಕೇಳುತ್ತದೆ. ಇಲ್ಲಿ ಈಜುವಂತಿಲ್ಲ. ದಡ ಕಡಿದಾಗಿದೆ, ಹಿಂಸೆಳೆತ ಕಾಲನ್ನೇ ಕಿತ್ತೊಯ್ಯುತ್ತದೆ.

ಈ ಕಲ್ಲಿನ ಏರಿಯೂ ಸೋತ ರಾತ್ರಿಗಳಿವೆ. 1824ರ ನವೆಂಬರ್ 23ರ ಬಿರುಗಾಳಿಯಲ್ಲಿ ಸಮುದ್ರ ಚೆಸಿಲ್ ಬೀಚನ್ನು ಹತ್ತಿ ಇಳಿಯಿತು. ಫ್ಲೀಟ್ ಎಂಬ ಹಳ್ಳಿಯ ಮನೆಗಳು ಕೊಚ್ಚಿಹೋದವು. ಇಗರ್ಜಿಯ ಒಂದು ಭಾಗ ಮಾತ್ರ ಉಳಿದು ಇಂದಿಗೂ ನಿಂತಿದೆ. ಪೋರ್ಟ್‌ಲ್ಯಾಂಡ್ ತುದಿಯ ಚಿಸ್‌ವೆಲ್ ಎಂಬ ಬೆಸ್ತರ ಕೇರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2014ರ ಫೆಬ್ರುವರಿಯಲ್ಲೂ ಅಲೆಗಳು ಏರಿಯನ್ನು ದಾಟಿದವು. ಆದರೆ ಆಗ ಜನರಿಗೆ ಮೊದಲೇ ಎಚ್ಚರಿಕೆ ಹೋಗಿತ್ತು. ಈ ಎರಡು ರಾತ್ರಿಗಳ ನಡುವಿನ ವ್ಯತ್ಯಾಸದ ಹಿಂದೆ ಒಬ್ಬ ನೌಕಾಧಿಕಾರಿಯ ಕಥೆಯಿದೆ. ಪೋರ್ಟ್‌ಲ್ಯಾಂಡ್ ತಲುಪಿದ ಮೇಲೆ ಅದನ್ನು ನೋಡೋಣ.

ಸಿಮೆಂಟಿನ ಚೀಲದ ಮೇಲಿನ ಹೆಸರು

ಮಧ್ಯಾಹ್ನ ಒಂದು ಗಂಟೆ. ಕಾರು ವೇಮತ್‌ನ ಅಂಚು ದಾಟಿ, ಚೆಸಿಲ್ ಬೀಚಿನ ಬಾಲಕ್ಕೆ ಅಂಟಿದ ರಸ್ತೆಯಲ್ಲಿ ಪೋರ್ಟ್‌ಲ್ಯಾಂಡ್ ಕಡೆ ಹೊರಳುವಾಗ ಪಶ್ಚಿಮದ ಆಕಾಶದಲ್ಲಿ ಇದ್ದಿಲಿನಂಥ ಒಂದು ಗೋಡೆ ಎದ್ದಿರುತ್ತದೆ. ಶೀತಲ ಫ್ರಂಟ್! ಹತ್ತೇ ನಿಮಿಷ. ಗಾಳಿ ಕಾರನ್ನು ಪಕ್ಕಕ್ಕೆ ನೂಕುತ್ತದೆ; ಮಳೆ ಅಡ್ಡಡ್ಡ ಬಡಿಯುತ್ತದೆ; ನಡುವೆ ಆಲಿಕಲ್ಲಿನ ಟಪಟಪ. ಉಷ್ಣತೆ ಸರ್ರನೆ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಜಾಣರು ರಸ್ತೆ ಬದಿಗೆ ನಿಲ್ಲಿಸಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ.

ಮಳೆ ನಿಂತಾಗ ಎದುರಿಗೆ ಪೋರ್ಟ್‌ಲ್ಯಾಂಡ್ ಬೆಳ್ಳಗೆ ಹೊಳೆಯುತ್ತದೆ. ಇಡೀ ನಡುಗಡ್ಡೆಯೇ ಒಂದು ಸುಣ್ಣಕಲ್ಲಿನ ಹಲಗೆ. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟ ಮೇಲೆ ಕ್ರಿಸ್ಟೊಫರ್ ರೆನ್ ಹೊಸ ಸೇಂಟ್ ಪಾಲ್ ಕೆಥೀಡ್ರಲ್ ಕಟ್ಟಿದ್ದು ಈ ಕಲ್ಲಿನಿಂದ. ಮಹಾಯುದ್ಧಗಳಲ್ಲಿ ಮಡಿದವರ ಸಾವಿರಾರು ಸಮಾಧಿಗಳ ಮೇಲಿನ ಬಿಳಿ ಫಲಕಗಳೂ ಇದೇ ಕಲ್ಲು. ಇನ್ನು, ಕರ್ನಾಟಕದಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬರೂ ಈ ಊರಿನ ಹೆಸರನ್ನು ಓದಿದ್ದಾರೆ, ಸಿಮೆಂಟಿನ ಚೀಲದ ಮೇಲೆ. 'ಪೋರ್ಟ್‌ಲ್ಯಾಂಡ್ ಸಿಮೆಂಟ್' ಇಲ್ಲಿ ತಯಾರಾಗುವುದೇ ಎಂದು ಕೇಳಿದರೆ, ಇಲ್ಲ. ಲೀಡ್ಸ್ ನಗರದ ಗಾರೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ ಸುಣ್ಣಕಲ್ಲು, ಜೇಡಿಮಣ್ಣು ಸೇರಿಸಿ ಸುಟ್ಟು ಪುಡಿಮಾಡಿ ಒಂದು ಹೊಸ ಗಾರೆ ಮಾಡಿದ. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆಂದು ಆ ಹೆಸರಿಟ್ಟ. ಅವನಿಗೆ ಪೇಟೆಂಟ್ ಸಿಕ್ಕಿದ್ದು 1824ರ ಅಕ್ಟೋಬರ್‌ನಲ್ಲಿ. ಅದೇ ಊರಿನ ಬೆಸ್ತರ ಮನೆಗಳನ್ನು ಕಡಲು ನುಂಗಿದ್ದು ಮರುತಿಂಗಳು.

ನಡುಗಡ್ಡೆಯ ದಕ್ಷಿಣ ತುದಿ ಪೋರ್ಟ್‌ಲ್ಯಾಂಡ್ ಬಿಲ್. ಅಲ್ಲಿ ಕೆಂಪು ಪಟ್ಟಿಯ, 41 ಮೀಟರ್ ಎತ್ತರದ ಬಿಳಿಯ ದೀಪಸ್ತಂಭ, 1906ರದು. ಅದರ ಮುಂದೆ ಸಮುದ್ರ ಸುಮ್ಮನಿರುವುದೇ ಇಲ್ಲ. ಎರಡು ಬದಿಯ ಕೊಲ್ಲಿಗಳ ಉಬ್ಬರವಿಳಿತದ ಸೆಳೆತಗಳು ಇಲ್ಲಿ ತಾಗಿ, ಗಾಳಿಯಿಲ್ಲದ ದಿನವೂ ನೀರು ಕುದಿಯುತ್ತದೆ. ಪೂರ್ವಕ್ಕೆ ನೀರಿನಡಿಯಲ್ಲಿ 'ಶ್ಯಾಂಬಲ್ಸ್' ಎಂಬ ದಿಬ್ಬ. 1805ರ ಫೆಬ್ರುವರಿ 5ರಂದು ಈಸ್ಟ್ ಇಂಡಿಯಾ ಕಂಪೆನಿಯ 'ಅರ್ಲ್ ಆಫ್ ಅಬರ್‌ಗವೆನ್ನಿ' ಎಂಬ ಹಡಗು, ಬಂಗಾಳಕ್ಕೂ ಚೀನಾಕ್ಕೂ ಹೊರಟದ್ದು, ಈ ದಿಬ್ಬಕ್ಕೆ ಬಡಿಯಿತು. ಹೇಗೋ ಬಿಡಿಸಿಕೊಂಡು ವೇಮತ್ ತೀರದತ್ತ ತಿರುಗಿತಾದರೂ ರಾತ್ರಿ ಕೊಲ್ಲಿಯಲ್ಲೇ ಮುಳುಗಿತು. ದಡ ಎರಡೇ ಮೈಲಿಯ ಆಸುಪಾಸು. 250ಕ್ಕೂ ಹೆಚ್ಚು ಜನ ಸತ್ತರು. ಅವರೊಡನೆ ಮುಳುಗಿದ ಕ್ಯಾಪ್ಟನ್ ಜಾನ್ ವರ್ಡ್ಸ್‌ವರ್ತ್, ನಮ್ಮ ಶಾಲೆಗಳಲ್ಲಿ ಡ್ಯಾಫೊಡಿಲ್ ಹೂಗಳ ಪದ್ಯದಿಂದ ಪರಿಚಿತನಾದ ಕವಿ ವಿಲಿಯಂ ವರ್ಡ್ಸ್‌ವರ್ತ್‌ನ ತಮ್ಮ. ಆ ಸಾವಿನ ನೋವು ಕವಿಯನ್ನು ಬಹುಕಾಲ ಬಿಡಲಿಲ್ಲ.

ಆಗ ಹವೆಯ ಮುನ್ಸೂಚನೆ ಎಂಬುದೇ ಇರಲಿಲ್ಲ. ನಾವಿಕರಿಗೆ ಇದ್ದದ್ದು ಕಣ್ಣು, ವಾಯುಭಾರಮಾಪಕ, ಅಜ್ಜಂದಿರ ಮಾತು. 1859ರ ಅಕ್ಟೋಬರ್‌ನಲ್ಲಿ ವೇಲ್ಸ್ ತೀರದಲ್ಲಿ 'ರಾಯಲ್ ಚಾರ್ಟರ್' ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು 400ಕ್ಕೂ ಹೆಚ್ಚು ಜನ ಸತ್ತಾಗ ರಾಬರ್ಟ್ ಫಿಟ್ಜ್‌ರಾಯ್ ಸುಮ್ಮನೆ ಕೂರಲಿಲ್ಲ. ಈತ ಯಾರೆಂದರೆ, 1831ರಿಂದ 1836ರವರೆಗೆ ಚಾರ್ಲ್ಸ್ ಡಾರ್ವಿನ್‌ನನ್ನು ಕರೆದುಕೊಂಡು ಜಗತ್ತು ಸುತ್ತಿದ 'ಬೀಗಲ್' ಹಡಗಿನ ಕ್ಯಾಪ್ಟನ್. 1854ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾಗಿದ್ದ. ಬಿರುಗಾಳಿ ಗಂಟೆಗೆ ಇಷ್ಟು ಮೈಲಿ ಚಲಿಸುತ್ತದೆ. ತಂತಿ ಸಮಾಚಾರ ಅದಕ್ಕಿಂತ ವೇಗವಾಗಿ ಓಡುತ್ತದೆ. ಹಾಗಾದರೆ ಗಾಳಿ ಬರುವ ಮೊದಲೇ ಸುದ್ದಿ ತಲುಪಿಸಬಹುದಲ್ಲ! ಇಷ್ಟು ಸರಳ ಯೋಚನೆ. ಕರಾವಳಿಯ ಠಾಣೆಗಳಿಂದ ದಿನವೂ ತಂತಿಯ ಮೂಲಕ ವಾಯುಭಾರ, ಗಾಳಿಯ ವಿವರ ತರಿಸಿ, 1861ರಲ್ಲಿ ಬಂದರುಗಳಿಗೆ ಬಿರುಗಾಳಿ ಎಚ್ಚರಿಕೆ ಕಳುಹಿಸತೊಡಗಿದ. ಎಚ್ಚರಿಕೆ ಬಂದೊಡನೆ ಬಂದರಿನ ಕಂಬಕ್ಕೆ ಕ್ಯಾನ್ವಾಸಿನ ಕಪ್ಪು ಶಂಕು ಏರಿಸುತ್ತಿದ್ದರು. ತುದಿ ಮೇಲಿದ್ದರೆ ಉತ್ತರದ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ್ದು. ಓದುಬಾರದ ಬೆಸ್ತನಿಗೂ ಅರ್ಥವಾಗಬೇಕಲ್ಲ. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಹವಾ ಮುನ್ಸೂಚನೆ ಅಚ್ಚಾಯಿತು.

ಮುನ್ಸೂಚನೆ ತಪ್ಪಿದಾಗ ಪತ್ರಿಕೆಗಳು ಗೇಲಿ ಮಾಡಿದವು. ಇದು ವಿಜ್ಞಾನವೇ ಅಲ್ಲ ಎಂದು ವಿಜ್ಞಾನಿಗಳೂ ಮೂಗು ಮುರಿದರು. ದುಡಿದು ದಣಿದ, ಕೈಯ ಹಣವನ್ನೆಲ್ಲ ಕಳೆದುಕೊಂಡಿದ್ದ ಫಿಟ್ಜ್‌ರಾಯ್ 1865ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡ. ಮರುವರ್ಷ ಎಚ್ಚರಿಕೆಗಳೂ ನಿಂತವು. ಆಗ ಗೊತ್ತಾದದ್ದು ಅವುಗಳ ಬೆಲೆ. ಕರಾವಳಿಯವರ ಒತ್ತಾಯದಿಂದ 1867ರಲ್ಲಿ ಕಪ್ಪು ಶಂಕುಗಳು ಮತ್ತೆ ಮೇಲೇರಿದವು. ನಮ್ಮ ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದರ ಹಿಂದೆಯೂ 1864ರಲ್ಲಿ ಕಲ್ಕತ್ತೆಯನ್ನು ಬಡಿದ ಚಂಡಮಾರುತ ಇತ್ತು. ಇಂದಿಗೂ ಬಿಬಿಸಿ ರೇಡಿಯೊ ಹಡಗುಗಳಿಗಾಗಿ ಹವಾ ವರದಿ ಓದುತ್ತದೆ. ಬ್ರಿಟನ್ನಿನ ಸುತ್ತಲಿನ ಕಡಲನ್ನು 31 ವಲಯಗಳಾಗಿ ಹೆಸರಿಸಿದ್ದಾರೆ. ಒಂದರ ಹೆಸರು ಪೋರ್ಟ್‌ಲ್ಯಾಂಡ್. 2002ರಿಂದ ಇನ್ನೊಂದರ ಹೆಸರು ಫಿಟ್ಜ್‌ರಾಯ್.

ಮಡಿಸಿದ ಬಂಡೆಗಳು

ಮಧ್ಯಾಹ್ನದ ನಂತರದ ಬೆಳಕೇ ಬೇರೆ. ಗಾಳಿ ನೈರುತ್ಯ ಬಿಟ್ಟು ವಾಯವ್ಯಕ್ಕೆ ತಿರುಗಿದೆ. ಗಾಳಿಯ ಧೂಳು, ಮಂಜು ತೊಳೆದುಹೋಗಿ ಹತ್ತಾರು ಮೈಲಿಯಾಚೆಯ ಗುಡ್ಡದ ಅಂಚು ಗೆರೆ ಎಳೆದಂತೆ ಕಾಣುತ್ತದೆ. ವೇಮತ್‌ನ ಮರಳು ದಂಡೆಯಲ್ಲಿ ಆಗಲೇ ಮಕ್ಕಳು ಬಕೆಟ್ಟು, ಸಲಿಕೆ ಹಿಡಿದು ಇಳಿದಿದ್ದಾರೆ. 1789ರಲ್ಲಿ ದೊರೆ ಮೂರನೆಯ ಜಾರ್ಜ್ ಆರೋಗ್ಯಕ್ಕೆಂದು ಕಡಲ ಸ್ನಾನಕ್ಕೆ ಬಂದಂದಿನಿಂದ ಈ ಊರಿಗೆ ಪ್ರವಾಸಿಗಳ ಯೋಗ. ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ಐಸ್‌ಕ್ರೀಮ್ ತಿನ್ನುವ ಇಂಗ್ಲಿಷರ ಛಲಕ್ಕೆ ಮೆಚ್ಚಬೇಕು.

ಲಲ್‌ವರ್ತ್‌ಗೆ 24 ಕಿಲೋಮೀಟರ್. ನಡುವೆ ಎರಡು ಬಾರಿ ಮಳೆ ಬಂದು ಹೋಗುತ್ತದೆ, ತಲಾ ಐದು ನಿಮಿಷ. ತಣ್ಣನೆಯ ಗಾಳಿ ಬಿಸಿಲಿಗೆ ಕಾದ ನೆಲದ ಮೇಲೆ ಹಾಯುವಾಗ ಅಲ್ಲಲ್ಲಿ ಗುಡ್ಡೆ ಮೋಡ ಏಳುತ್ತದೆ; ಅದು ಸುರಿದು ಹಗುರಾಗುತ್ತದೆ. ಪಶ್ಚಿಮದಲ್ಲಿ ಸೂರ್ಯ, ಪೂರ್ವದಲ್ಲಿ ಮಳೆ. ಹಾಗಾಗಿ ಕಾರಿನ ಎದುರಿಗೇ ಕಾಮನಬಿಲ್ಲು.

ಲಲ್‌ವರ್ತ್ ಕೋವ್ ಬಹುಮಟ್ಟಿಗೆ ದುಂಡನೆಯ, ಬಟ್ಟಲಿನಂಥ ಕೊಲ್ಲಿ. ಕಡಲ ಕಡೆಗೆ ಗಟ್ಟಿಯಾದ ಸುಣ್ಣಕಲ್ಲಿನ ಗೋಡೆ, ಪೋರ್ಟ್‌ಲ್ಯಾಂಡ್‌ನ ಕಲ್ಲೇ. ಅದರ ಹಿಂದೆ ಮೆತ್ತನೆಯ ಜೇಡಿ, ಮರಳು. ಹಿಂದೆ ಮತ್ತೆ ಗಟ್ಟಿಯಾದ ಸೀಮೆಸುಣ್ಣದ ಗುಡ್ಡ. ತೊರೆ ಮತ್ತು ಸಮುದ್ರ ಸೇರಿ ಗೋಡೆಯಲ್ಲಿ ಒಂದು ಬಾಗಿಲು ತೆರೆದವು. ಒಳಹೊಕ್ಕ ಅಲೆಗೆ ಮೆತ್ತನೆಯ ಮಣ್ಣು ಸುಲಭದ ತುತ್ತಾಯಿತು. ಎರಡೂ ಬದಿಗೆ ಕೊರೆಯುತ್ತ ಹೋಯಿತು. ಪಕ್ಕದಲ್ಲೇ 'ಸ್ಟೇರ್ ಹೋಲ್' ಎಂಬಲ್ಲಿ ಈ ಕೆಲಸ ಈಗಷ್ಟೇ ಶುರುವಾಗಿರುವುದನ್ನು ಕಾಣಬಹುದು. ಅಲ್ಲಿ ಬಂಡೆಯ ಪದರಗಳು ಒದ್ದೆ ಬಟ್ಟೆ ಹಿಂಡಿಟ್ಟಂತೆ ಮಡಿಕೆ ಮಡಿಕೆಯಾಗಿ ಮುದುಡಿವೆ. ಆಫ್ರಿಕದ ಭೂಫಲಕ ಯೂರೋಪಿಗೆ ಒತ್ತಿ ಆಲ್ಪ್ಸ್ ಪರ್ವತ ಎದ್ದಾಗ ಅದರ ದೂರದ ಅಲೆಯೊಂದು ಇಲ್ಲಿಗೂ ತಲುಪಿತ್ತು. ಭಾರತದ ಭೂಫಲಕ ಏಷ್ಯಕ್ಕೆ ಒತ್ತಿ ಹಿಮಾಲಯವನ್ನು ಎತ್ತಿದ್ದೂ ಆ ಯುಗದಲ್ಲೇ.

ಮುಂದಿನ ಗುಡ್ಡ ದಾಟಿದರೆ ಡರ್ಡಲ್ ಡೋರ್. ನೆಟ್ಟಗೆ ನಿಂತ ಸುಣ್ಣಕಲ್ಲಿನ ಗೋಡೆಯನ್ನು ಅಲೆಗಳು ತೂತು ಕೊರೆದು ಮಾಡಿದ ಕಮಾನು, ನೀರು ಕುಡಿಯಲು ಬಗ್ಗಿದ ಪ್ರಾಣಿಯಂತೆ. ಒಂದು ದಿನ ಈ ಕಮಾನೂ ಬೀಳುತ್ತದೆ. ಆಗ ಒಂಟಿ ಕಂಬ ಉಳಿಯುತ್ತದೆ. ಇದೇ ಆಸುಪಾಸಿನಲ್ಲಿ 2013ರ ಏಪ್ರಿಲ್‌ನಲ್ಲಿ ಗುಡ್ಡದ ದೊಡ್ಡ ಹೋಳೊಂದು ಕಾಲುದಾರಿಯ ಸಮೇತ ಸಮುದ್ರಕ್ಕೆ ಜಾರಿತು. ಮೆಟ್ಟಿಲಿನ ಬಳಿ ಅಂಚಿಗೆ ಹೋಗಬೇಡಿ ಎಂಬ ಫಲಕ ಇಲ್ಲೂ ಇದೆ.

ಸಂಜೆ ಏಳು ದಾಟಿದರೂ ಬೆಳಕಿದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಮುಳುಗುವುದು ಎಂಟರ ನಂತರ. ಬೆಳಿಗ್ಗೆ ಬೂದಿಯಾಗಿದ್ದ ಕಡಲು ಈಗ ಹಸಿರು ಮಿಶ್ರಿತ ನೀಲಿ. ಕಾರು ನಿಲ್ಲಿಸಿದ ಬಯಲಿನಲ್ಲಿ ಯಾರೋ ಸ್ವೆಟರಿನ ಮೇಲೆ ಕೋಟು ಏರಿಸುತ್ತಿದ್ದಾರೆ. ಬಹಳ ಮೇಲೆ, ಪಶ್ಚಿಮದ ಅಂಚಿನಲ್ಲಿ, ಕುದುರೆಯ ಬಾಲದ ಕೂದಲಿನಂಥ ಬಿಳಿಯ ಎಳೆಗಳು ಕಾಣತೊಡಗಿವೆ. ಮುಂದಿನ ಉಷ್ಣ ಫ್ರಂಟ್‌ನ ಮೊದಲ ಮೋಡ ಅದು. ಅದರ ಮಳೆ ಇನ್ನೂ ನೂರಾರು ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್‌ನ ಮೇಲಿದೆ. ಲೈಮ್ ರೀಜಿಸ್‌ನಲ್ಲಿ ಆ ಸುತ್ತಿಗೆಯವರು ನಾಳೆಯ ಉಬ್ಬರವಿಳಿತದ ಪಟ್ಟಿ ತೆರೆದು, ನೀರು ಎಷ್ಟು ಗಂಟೆಗೆ ಇಳಿಯಲಾರಂಭಿಸುತ್ತದೆ ಎಂದು ಬೆರಳಿಟ್ಟು ನೋಡುವ ಹೊತ್ತು.